ವರುಷಗಳ ಎಣಿಕೆಯೂ ಕೈಯ ಪಳಗಿಕೆಯೂ

ಒಂದು ಕೆಲಸವನ್ನು ಬಹುಕಾಲ ಮಾಡಿದವನು ಅದರಲ್ಲಿ ತಾನಾಗಿಯೇ ನಿಪುಣನಾಗುವನೆಂಬದು ಜನರ ಸಾಮಾನ್ಯ ನಂಬಿಕೆ. "ಇಪ್ಪತ್ತು ವರುಷದಿಂದ ಈ ಕೆಲಸ ಮಾಡುತ್ತಿದ್ದೇನೆ" ಎಂದು ಒಬ್ಬನು ಹೇಳಿದ ಕೂಡಲೇ ಎದುರಿಗಿದ್ದವನು ಸುಮ್ಮನಾಗುವನು. ಆ ಇಪ್ಪತ್ತು ವರುಷಗಳಲ್ಲಿ ಅವನು ವರುಷ ವರುಷವೂ ಹೊಸದೊಂದನ್ನು ಕಲಿತನೋ, ಇಲ್ಲವೆ ಮೊದಲನೆಯ ವರುಷದಲ್ಲಿ ಕಲಿತದ್ದನ್ನೇ ಇಪ್ಪತ್ತು ಸಾರಿ ಮಾಡಿದನೋ ಎಂದು ಯಾರೂ ಕೇಳುವದಿಲ್ಲ. ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳೋಣ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಬರುವದು: ತಕ್ಕಮಟ್ಟಿಗೆ ಮಾಡಬಲ್ಲ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುವದಕ್ಕೆ ಪ್ರಯಾಸಪಟ್ಟು ಕಲಿಯುವದು ಕ್ರೈಸ್ತನಿಗೆ ಕರ್ತವ್ಯವೋ, ಇಲ್ಲವೆ ಇದ್ದದ್ದರಲ್ಲಿ ತೃಪ್ತನಾಗಿರುವದೇ ಭಕ್ತಿಯ ಲಕ್ಷಣವೋ?

ದೂರದ ದೃಷ್ಟಾಂತವನ್ನು ಹುಡುಕಬೇಕಾಗಿಲ್ಲ. ಹೇಮಾವತಿ ನದಿಯು ಹುಟ್ಟುವ ಜಾವಳಿಯ ಸುತ್ತಲಿನ ಕಾಫಿ ತೋಟಗಳನ್ನು ನೋಡಿರಿ. ಅರೇಬಿಕಾ ಗಿಡದಲ್ಲಿ ಹಣ್ಣುಗಳೆಲ್ಲಾ ಒಂದೇ ದಿವಸ ಮಾಗುವದಿಲ್ಲ. ಒಂದೇ ಗೊಂಚಲಿನಲ್ಲಿ ಕೆಂಪು ಹಣ್ಣೂ ಹಸುರು ಕಾಯಿಯೂ ಕೂಡಿಕೊಂಡಿರುವವು. ಹಣ್ಣನ್ನು ಬಿಡಿಸಿಕೊಂಡು ಕಾಯನ್ನು ಮುಂದಿನ ಸುತ್ತಿಗೆ ಬಿಡಬೇಕು. ಹಾಗೆ ಮಾಡದೆ ಕೊಂಬೆಯನ್ನು ಮುಷ್ಟಿಯಲ್ಲಿ ಹಿಡಿದು ಒಂದೇ ಸಾರಿ ಎಳೆದರೆ ಹಣ್ಣು, ಕಾಯಿ, ಎಲೆ ಎಲ್ಲವೂ ಚೀಲಕ್ಕೆ ಬೀಳುವವು. ಬರುವ ವರುಷ ಹೂ ಬಿಡಬೇಕಾದ ಗೆಣ್ಣುಗಳೂ ಗಾಯಗೊಳ್ಳುವವು. ಹತ್ತು ವರುಷ ಹೀಗೆ ಎಳೆದ ಕೈಗೆ ಎಳೆಯುವದರಲ್ಲಿಯೇ ವೇಗವು ಬಂದಿರುವದು. ಎರಡು ವರುಷ ಮಾತ್ರ ಕುಯ್ದಿದ್ದರೂ ಪ್ರತಿ ಸಾಯಂಕಾಲ ತನ್ನ ಚೀಲವನ್ನು ಸುರಿದು, ಇವತ್ತು ಎಷ್ಟು ಹಸುರು ಕಾಯಿ ಬಂದವೆಂದು ನೋಡಿಕೊಂಡ ಹೆಂಗಸಿನ ಕೈ ಅದಕ್ಕಿಂತ ಹೆಚ್ಚು ಕಲಿತದ್ದಾಗಿದೆ. ಆದದರಿಂದ ಬಹುಕಾಲದ ರೂಢಿಯು ಗುಣವನ್ನು ಗಟ್ಟಿಮಾಡುವ ಹಾಗೆಯೇ ದೋಷವನ್ನೂ ಗಟ್ಟಿಮಾಡುವದು.

ಇದು ಕೂಲಿಯವರ ವಿಷಯದಲ್ಲಿ ಮಾತ್ರ ನಿಜವೆಂದು ಯಾರೂ ನೆನಸಬಾರದು. ಬಹಳ ಓದಿದವರ ವಿಷಯದಲ್ಲಿಯೂ ಹಾಗೆಯೇ ಇದೆ. 2005ರಲ್ಲಿ ಅಮೆರಿಕದ ಕೆಲವು ಸಂಶೋಧಕರು ವೈದ್ಯರ ಅನುಭವಕ್ಕೂ ಅವರ ಚಿಕಿತ್ಸೆಯ ಗುಣಕ್ಕೂ ಇರುವ ಸಂಬಂಧವನ್ನು ಕುರಿತ 62 ಪರಿಶೀಲನೆಗಳನ್ನು ಒಟ್ಟುಗೂಡಿಸಿ ನೋಡಿದರು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ತೋರಿಸಿದ್ದೇನಂದರೆ, ವೃತ್ತಿಯಲ್ಲಿ ವರುಷಗಳು ಹೆಚ್ಚಿದ ಹಾಗೆ ಅಳೆದು ನೋಡಿದ ಎಲ್ಲಾ ವಿಷಯಗಳಲ್ಲಿಯೂ ಗುಣವು ತಗ್ಗುತ್ತಾ ಬಂದಿತ್ತು. ಅನುಭವವು ವ್ಯರ್ಥವೆಂದು ಇದರ ಅರ್ಥವಲ್ಲ. ಕಣ್ಣು ತೆರೆದುಕೊಂಡಿರದ ಅನುಭವವು ಕಲಿಸುವದಿಲ್ಲವೆಂದು ಇದರಿಂದ ತಿಳಿಯಬಹುದು.

ಹಾಗಾದರೆ ಯಾವ ಅಭ್ಯಾಸವು ಕಲಿಸುವದು? ಎರಿಕ್ಸನ್ ಎಂಬ ಮನಶ್ಶಾಸ್ತ್ರಜ್ಞರೂ ಅವರ ಜೊತೆಯವರೂ ಬರ್ಲಿನ್ ಪಟ್ಟಣದ ಸಂಗೀತ ವಿದ್ಯಾಲಯದಲ್ಲಿ ಪಿಟೀಲು ಕಲಿಯುವವರನ್ನು ವಿಚಾರಿಸಿ, ಕಂಡದ್ದನ್ನು 1993ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳು ತಾವೇ ಹೇಳಿದ ಲೆಕ್ಕದ ಪ್ರಕಾರ, ಅತ್ಯುತ್ತಮರಾದವರು 18ನೆಯ ವಯಸ್ಸಿನೊಳಗೆ ಸರಾಸರಿ 7,410 ಗಂಟೆ ಒಂಟಿಯಾಗಿ ಅಭ್ಯಾಸಮಾಡಿದ್ದರು. ಅವರಿಗಿಂತ ಕಡಿಮೆಯವರು 5,301 ಗಂಟೆ. ಸಂಗೀತ ಶಿಕ್ಷಕರಾಗಲು ಓದುತ್ತಿದ್ದವರು 3,420 ಗಂಟೆ. ಗಂಟೆಗಳಿಗಿಂತಲೂ ಅವುಗಳನ್ನು ಕಳೆದ ರೀತಿಯೇ ಹೆಚ್ಚಿನದು. ಬಂದ ರಾಗವನ್ನೇ ಸಂತೋಷಕ್ಕಾಗಿ ಬಾರಿಸಿದ್ದನ್ನು ಅವರು ಅಭ್ಯಾಸವೆಂದು ಎಣಿಸಲಿಲ್ಲ. ಬಾರದ ಒಂದು ಭಾಗವನ್ನು ಆರಿಸಿಕೊಂಡು, ಗುರುವು ತೋರಿಸಿದ ತಪ್ಪನ್ನು ಮನಸ್ಸಿನಲ್ಲಿಟ್ಟುಕೊಂಡು, ಮತ್ತೆ ಮತ್ತೆ ತಿದ್ದಿಕೊಳ್ಳುವದೇ ಅವರಿಗೆ ಅಭ್ಯಾಸವಾಗಿತ್ತು. ಅದು ಸುಖಕರವಾದ ಕೆಲಸವಲ್ಲ. ಆದಕಾರಣ ಅವರು ಅದನ್ನು ದಿನವಿಡೀ ಮಾಡದೆ ಹೊತ್ತು ಹೊತ್ತಿಗೆ ಸ್ವಲ್ಪ ಸ್ವಲ್ಪವಾಗಿ ಮಾಡಿ, ನಡುವೆ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದರು; ಅತ್ಯುತ್ತಮರಾದವರೇ ಹೆಚ್ಚಾಗಿ ನಿದ್ದೆಮಾಡುವವರೂ ಆಗಿದ್ದರು.

ಇಂಥ ಅಭ್ಯಾಸಕ್ಕೆ ನಾಲ್ಕು ಅಂಗಗಳುಂಟು. ಮೊದಲನೆಯದು, ಒಂದೇ ಒಂದು ಕೊರತೆಯನ್ನು ಗುರುತಿಸಿಕೊಳ್ಳುವದು. ಎರಡನೆಯದು, ಅದರ ಮೇಲೆಯೇ ಮನಸ್ಸಿಟ್ಟು ಪುನಃ ಪುನಃ ಮಾಡುವದು. ಮೂರನೆಯದು, ಮಾಡಿದ್ದು ಸರಿಯೋ ತಪ್ಪೋ ಎಂದು ಒಡನೆ ತಿಳಿದುಕೊಳ್ಳುವದು. ನಾಲ್ಕನೆಯದು, ತನ್ನ ಕಣ್ಣಿಗೆ ಕಾಣದ್ದನ್ನು ತೋರಿಸುವ ಇನ್ನೊಬ್ಬರ ಕಣ್ಣು.

ಈ ನಾಲ್ಕೂ ನಮ್ಮ ತೋಟಗಳಲ್ಲಿಯೇ ಕಾಣುವವು. ಅರೇಬಿಕಾ ಗಿಡಕ್ಕೆ ದೊಡ್ಡ ಶತ್ರುವಾದ ಬಿಳಿ ಕಾಂಡಕೊರಕವನ್ನು ನೀವು ಬಲ್ಲಿರಿ. ಅದರ ದುಂಬಿಯು ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುವದು. ಮರಿಹುಳು ತೊಗಟೆಯ ಕೆಳಗೆ ಕೊರೆಯುತ್ತಾ ಹೋಗುವಾಗ ಕಾಂಡದ ಮೇಲೆ ಸಣ್ಣ ಏಣುಗಳು ಏಳುವವು. ದುಂಬಿಗಳು ಹೊರಗೆ ಬಂದು ಹಾರುವ ಏಪ್ರಿಲ್-ಮೇ ತಿಂಗಳುಗಳಿಗೂ ಅಕ್ಟೋಬರದಿಂದ ದಶಂಬರದ ವರೆಗಿನ ಕಾಲಕ್ಕೂ ಮುಂಚಿತವಾಗಿ ಅಂಥ ಗಿಡಗಳನ್ನು ಗುರುತಿಸಿ ಕಿತ್ತು ಸುಡಬೇಕು. ಹೊಸಬನ ಕಣ್ಣಿಗೆ ಎಲ್ಲಾ ಕಾಂಡಗಳೂ ಒಂದೇ ವಿಧವಾಗಿ ತೋರುವವು. ಅವನನ್ನು ಹೇಗೆ ಕಲಿಸಬೇಕು? "ಹೋಗು, ನೋಡು" ಎಂದು ಕಳುಹಿಸಿದರೆ ಅವನು ಹತ್ತು ವರುಷ ನೋಡಿದರೂ ಕಾಣಲಾರನು. ಹಳಬನಾದ ಒಬ್ಬನು ಜೊತೆಗೆ ನಿಂತು, "ಈ ಗಿಡದಲ್ಲಿ ಹುಳು ಇದೆಯೋ ಇಲ್ಲವೋ, ಮೊದಲು ನೀನು ಹೇಳು" ಎಂದು ಕೇಳಿ, ಬಳಿಕ ಕಿತ್ತ ಗಿಡದ ಕಾಂಡವನ್ನು ಸೀಳಿ ತೋರಿಸಲಿ. ಒಳಗೆ ಹುಳುವಿನ ಹಾದಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಸೀಳಿದ ಕಾಂಡವು ಯಾರ ಮುಖವನ್ನೂ ನೋಡಿ ಮಾತಾಡುವದಿಲ್ಲ. ಹೀಗೆ ಕೆಲವು ದಿನ ಹೇಳಿ, ಸೀಳಿ, ನೋಡಿ, ತಿದ್ದಿಕೊಂಡವನ ಬೆರಳಿಗೆ ಏಣು ತಾನಾಗಿ ಸಿಕ್ಕುವದು.

ಅಚ್ಚುಕೂಟದ ಕೆಲಸವೂ ಇದಕ್ಕೆ ಒಳ್ಳೇ ಸಾಕ್ಷಿ. ಬಾಸೆಲ್ ಮಿಶನಿನವರು 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. 1894ರಲ್ಲಿ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಅಲ್ಲಿಯೇ ಅಚ್ಚಾಯಿತು. ಮೊಳೆ ಜೋಡಿಸುವವನು ಎಷ್ಟು ನಿಪುಣನಾದರೂ ಮೊದಲು ಕರಡನ್ನು ತೆಗೆದು, ಬೇರೊಬ್ಬನು ಅದನ್ನು ಓದಿ ತಪ್ಪುಗಳಿಗೆ ಗುರುತು ಹಾಕಿ, ತಿದ್ದಿದ ಮೇಲೆಯೇ ಹಾಳೆಯು ಅಚ್ಚಾಗುತ್ತಿತ್ತು. ಕರಡನ್ನು ನೋಡಗೊಡದ ಅಚ್ಚುಗಾರನಿರಲಿಲ್ಲ. ಆ ನಿಘಂಟಿನ ಕರ್ತರ ಜೀವಿತವೂ ಹಾಗೆಯೇ ಇತ್ತು. ಅವರು 1853ರಲ್ಲಿ ಈ ದೇಶಕ್ಕೆ ಬಂದರು. ನಿಘಂಟು ಹೊರಬೀಳುವಾಗ 41 ವರುಷಗಳಾಗಿದ್ದವು. ಅಷ್ಟು ವರುಷ ಈ ದೇಶದಲ್ಲಿದ್ದ ಪರದೇಶಸ್ಥರು ಬೇರೆ ಅನೇಕರು. ಆದರೆ ಕಿಟ್ಟೆಲರು 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನೂ ಪರಿಶೋಧಿಸಿ ಅಚ್ಚು ಹಾಕಿಸಿದರು; ದೇಶೀಯ ಪಂಡಿತರನ್ನು ಕೇಳಿ ತಿಳಿದುಕೊಳ್ಳುವದಕ್ಕೆ ನಾಚಲಿಲ್ಲ. ಬೋಧಿಸುವದಕ್ಕೆ ಬಂದವರು ಶಿಷ್ಯರಾಗಿ ಉಳಿದದ್ದರಿಂದಲೇ ಕನ್ನಡಿಗರು ಅವರನ್ನು ಮರೆತಿಲ್ಲ.

ಈಗ ಕಲಿಸುವವರ ಕಡೆಗೆ ತಿರುಗೋಣ. ಶಾಲೆಯ ಉಪಾಧ್ಯಾಯನೂ ಭಾನುವಾರದ ಶಾಲೆಯ ಶಿಕ್ಷಕಳೂ ಪ್ರಸಂಗಮಾಡುವ ಉಪದೇಶಿಯೂ ಒಂದು ಅಪಾಯದಲ್ಲಿದ್ದಾರೆ. ಅವರ ಕಾಂಡವನ್ನು ಯಾರೂ ಸೀಳಿ ನೋಡುವದಿಲ್ಲ. ಮಕ್ಕಳು ಮೌನವಾಗಿ ಕೂತರೆ ಕಲಿತರೆಂದು ಉಪಾಧ್ಯಾಯನು ನೆನಸುವನು. ಆರಾಧನೆ ಮುಗಿದ ಮೇಲೆ ಬಾಗಲಲ್ಲಿ ಸಭೆಯವರು "ಪ್ರಸಂಗ ಬಹಳ ಚೆನ್ನಾಗಿತ್ತು, ಅಯ್ಯನವರೇ" ಎಂದು ಹೇಳಿ ಹೋಗುವರು. ಹೀಗೆ ಮೂವತ್ತು ವರುಷ ಹೋದರೂ ತನ್ನ ದೋಷವು ಅವನಿಗೆ ತಿಳಿಯದು. ಮೇರಿ ಬಡ್ ರೋ ಎಂಬ ಅಮೆರಿಕದ ವಿದ್ವಾಂಸಳು 1970ರ ದಶಕದಲ್ಲಿ ಶಾಲೆಗಳಲ್ಲಿ ಪರೀಕ್ಷಿಸಿ, ಉಪಾಧ್ಯಾಯರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಸುಮಾರು ಒಂದೇ ಸೆಕೆಂಡು ಕಾಯುವರೆಂದೂ, ಮೂರು ಸೆಕೆಂಡು ಕಾದರೆ ಮಕ್ಕಳು ಹೆಚ್ಚಾಗಿಯೂ ಯೋಚಿಸಿಯೂ ಉತ್ತರಕೊಡುವರೆಂದೂ ಕಂಡುಕೊಂಡಳು. ಮೂರು ಸೆಕೆಂಡು ಎಷ್ಟು ಅಲ್ಪವಾದದ್ದು! ಆದರೂ ಒಬ್ಬ ಗೆಳೆಯನು ಹಿಂದಿನ ಮಣೆಯಲ್ಲಿ ಕೂತು ಎಣಿಸಿ ಹೇಳದ ಹೊರತು ತಾನು ಕಾಯುವದಿಲ್ಲವೆಂಬದು ಉಪಾಧ್ಯಾಯನಿಗೆ ಗೊತ್ತಾಗದು. ಒಂದು ತಿಂಗಳು ಇದೊಂದನ್ನೇ ಅಭ್ಯಾಸಮಾಡಿದರೆ ತರಗತಿಯ ಹಿಂದಿನ ಸಾಲಿನ ಕೂಸೂ ಬಾಯಿ ತೆರೆಯುವದು.

ಸತ್ಯವೇದದಲ್ಲಿ ಇದಕ್ಕೆ ಅಂದವಾದ ಮಾದರಿಯಿದೆ. ಅಪೊಲ್ಲೋಸನು ವಾಕ್ಚಾತುರ್ಯವುಳ್ಳವನೂ ಶಾಸ್ತ್ರದಲ್ಲಿ ಗಟ್ಟಿಗನೂ ಆಗಿದ್ದನು. ಅವನ ಬೋಧನೆಯಲ್ಲಿ ಮಾತ್ರ ಒಂದು ಕೊರತೆಯಿತ್ತು. ಅದನ್ನು ಕಂಡ ಪ್ರಿಸ್ಕಿಲ್ಲಳೂ ಅಕ್ವಿಲ್ಲನೂ ಸಭಾಮಂದಿರದಲ್ಲಿ ಎದ್ದು ಅವನನ್ನು ನಾಚಿಸಲಿಲ್ಲ. ಪ್ರತ್ಯೇಕವಾಗಿ ಕರೆದುಕೊಂಡು ಹೋಗಿ ಇನ್ನೂ ಸ್ಪಷ್ಟವಾಗಿ ತಿಳಿಸಿದರು (ಅಪೊಸ್ತಲರ ಕೃತ್ಯಗಳು 18ನೆಯ ಅಧ್ಯಾಯ). ಗುಡಾರಮಾಡುವ ಗಂಡ ಹೆಂಡಿರು ದೊಡ್ಡ ಪ್ರಸಂಗಿಯನ್ನು ತಿದ್ದಿದರು, ಅವನು ತಿದ್ದಿಕೊಂಡನು. ಯಾರ ದೀನತೆ ಹೆಚ್ಚಿನದೆಂದು ಹೇಳುವದು ಕಷ್ಟ.

ಆಟದ ವಿಷಯವನ್ನೂ ಹೇಳಬೇಕು, ಯಾಕಂದರೆ ನಮ್ಮ ಹುಡುಗರು ಸಂಜೆಯ ಹೊತ್ತು ಕಬಡ್ಡಿಗೂ ವಾಲಿಬಾಲಿಗೂ ಹೋಗುವದನ್ನು ಕೆಲವು ಹಿರಿಯರು ಕಾಲಹರಣವೆಂದು ಗೊಣಗುವರು. ಬೆಂಗಳೂರಿನ ಪ್ರಕಾಶ್ ಪಡುಕೋಣೆಯವರು ಚಿಕ್ಕವರಾಗಿದ್ದಾಗ ಮಲ್ಲೇಶ್ವರದ ಕೆನರಾ ಯೂನಿಯನ್ನಿನಲ್ಲಿ, ಮದುವೆಗಳೂ ನಡೆಯುವ ಸಭಾಗೃಹದಲ್ಲಿ, ಬ್ಯಾಡ್ಮಿಂಟನ್ ಅಭ್ಯಾಸಮಾಡಿದರು. 1980ರಲ್ಲಿ ಅವರು ಆಲ್ ಇಂಗ್ಲೆಂಡ್ ಪಂದ್ಯದಲ್ಲಿ ಜಯಶಾಲಿಗಳಾದರು. ಆ ಕಿರೀಟವನ್ನು ಪಡೆದ ಮೇಲೆ ಮನೆಯಲ್ಲಿ ಕೂತಿರದೆ, ಬಲಿಷ್ಠರಾದ ಆಟಗಾರರ ನಡುವೆ ಪಳಗುವದಕ್ಕಾಗಿ ಡೆನ್ಮಾರ್ಕ್ ದೇಶಕ್ಕೆ ಹೋದರು. ಗೆದ್ದವನೂ ತನಗಿಂತ ಕಡಿಮೆಯವರೊಡನೆ ಆಡಿ ಹೊಗಳಿಸಿಕೊಳ್ಳುವ ಬದಲಾಗಿ ತನ್ನ ಕೊರತೆಯನ್ನು ಬೈಲಿಗೆ ತರುವವರ ಬಳಿಗೆ ಹೋಗಬೇಕೆಂಬದು ಇದರ ಪಾಠ. ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆಯುವಾಗ ಗುರಿಯಿಲ್ಲದೆ ಓಡುವವನ ಮತ್ತು ಗಾಳಿಗೆ ಗುದ್ದುವವನ ಹೋಲಿಕೆಯನ್ನು ತಂದು, ತಾನು ಅಂಥವನಲ್ಲವೆಂದನು. ಸಂಜೆಯೆಲ್ಲಾ ಮೈದಾನದಲ್ಲಿ ಕಳೆದರೂ ಒಂದು ಗುರಿಯಿಟ್ಟು ಆಡದ ಹುಡುಗನು ಗಾಳಿಗೆ ಗುದ್ದುವವನೇ.

ಇಷ್ಟು ಹೇಳಿದ ಮೇಲೆ ನಮ್ಮಲ್ಲಿ ಕೆಲವರು ಆಕ್ಷೇಪಗಳನ್ನು ತರುವರು. ಅವು ಸುಲಭವಾಗಿ ತಳ್ಳಿಬಿಡತಕ್ಕವುಗಳಲ್ಲ.

ಮೊದಲನೆಯ ಆಕ್ಷೇಪವು, ಜಾಣತನವು ಹುಟ್ಟಿನಿಂದ ಬರುವದು, ದೇವರು ಕೊಡದೆ ಇದ್ದದ್ದನ್ನು ಅಭ್ಯಾಸವು ಕೊಡದು ಎಂಬದು. ಈ ಮಾತಿನ ಕ್ರೂರತೆಯನ್ನು ನಮ್ಮ ಸಭೆಗಳವರು ಚೆನ್ನಾಗಿ ಬಲ್ಲರು. ಅಕ್ಷರವು ನಿಮ್ಮ ಕುಲಕ್ಕೆ ಹತ್ತದೆಂದು ನಮ್ಮ ಅಜ್ಜಂದಿರಿಗೆ ಹೇಳಿ ಶಾಲೆಯ ಬಾಗಲನ್ನು ಮುಚ್ಚಿದವರು ಈ ಮಾತನ್ನೇ ಆಧಾರಮಾಡಿಕೊಂಡಿದ್ದರು. ಬಾಗಲು ತೆರೆದು, ಕಲಿಸುವವರು ದೊರೆತಾಗ, ಅವರ ಮಕ್ಕಳು ಓದಿದರು. ಆದರೂ ಎದುರಿನ ಅತಿಶಯೋಕ್ತಿಯಲ್ಲಿ ಬೀಳಬಾರದು. ಪ್ರಯಾಸಪಟ್ಟವನು ಏನನ್ನಾದರೂ ಸಾಧಿಸುವನೆಂದು ಹೇಳುವದೂ ಸುಳ್ಳೇ. 2014ರಲ್ಲಿ ಮ್ಯಾಕ್‌ನಮಾರ ಎಂಬ ಸಂಶೋಧಕಳೂ ಅವಳ ಜೊತೆಯವರೂ ಬಹು ಪರಿಶೀಲನೆಗಳನ್ನು ಕೂಡಿಸಿ ಲೆಕ್ಕಹಾಕಿದಾಗ, ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಸಾಮರ್ಥ್ಯದ ವ್ಯತ್ಯಾಸದಲ್ಲಿ ಅಭ್ಯಾಸದಿಂದ ವಿವರಿಸಬಹುದಾದ ಪಾಲು ಸಂಗೀತದಲ್ಲಿ ನೂರಕ್ಕೆ 21, ಕ್ರೀಡೆಯಲ್ಲಿ 18, ವಿದ್ಯಾಭ್ಯಾಸದಲ್ಲಿ 4 ಮಾತ್ರವೆಂದು ಕಂಡಿತು. ಉಳಿದದ್ದರಲ್ಲಿ ಹುಟ್ಟುಗುಣ, ಆರಂಭಿಸಿದ ವಯಸ್ಸು, ಅವಕಾಶ ಮೊದಲಾದವುಗಳಿಗೂ ಪಾಲಿರಬಹುದು. ಆದಕಾರಣ ಪರೀಕ್ಷೆಯಲ್ಲಿ ತಪ್ಪಿದ ಮಗುವನ್ನು ಸೋಮಾರಿಯೆಂದು ಬಯ್ಯುವ ತಂದೆಯು ತನ್ನ ಬಾಯಿಗೆ ಕಾವಲಿಡಲಿ.

ಈ ಎರಡು ಸುಳ್ಳುಗಳ ನಡುವೆ ತಲಾಂತುಗಳ ಸಾಮ್ಯವು ನಮಗೆ ದಾರಿ ತೋರಿಸುವದು (ಮತ್ತಾಯ 25ನೆಯ ಅಧ್ಯಾಯ). ಯಜಮಾನನು ಎಲ್ಲರಿಗೂ ಸಮನಾಗಿ ಕೊಡಲಿಲ್ಲ; ಒಬ್ಬನಿಗೆ ಐದು, ಒಬ್ಬನಿಗೆ ಎರಡು, ಒಬ್ಬನಿಗೆ ಒಂದು. ಆದರೆ ಹತ್ತು ತಲಾಂತು ತಂದವನಿಗೂ ನಾಲ್ಕು ತಲಾಂತು ತಂದವನಿಗೂ ಅವನು ಹೇಳಿದ ಮೆಚ್ಚಿಕೆಯ ಮಾತು ಒಂದೇ. ಎರಡನ್ನು ಪಡೆದವನನ್ನು "ನೀನು ಯಾಕೆ ಹತ್ತನ್ನು ತರಲಿಲ್ಲ?" ಎಂದು ಅವನು ಕೇಳಲೇ ಇಲ್ಲ. ಕಟ್ಟಿ ಹೂಣಿಟ್ಟವನಿಗೆ ಮಾತ್ರ ಶಿಕ್ಷೆಯಾಯಿತು. ಹಾಗಾದರೆ ದೇವರ ಮುಂದೆ ನಮ್ಮ ಲೆಕ್ಕವು ನೆರೆಯವನ ಸಂಗಡ ಹೋಲಿಸಿದ ಲೆಕ್ಕವಲ್ಲ. ನಿನ್ನೆಯ ನನ್ನ ಸಂಗಡ ಇವತ್ತಿನ ನನ್ನನ್ನು ಹೋಲಿಸಿದ ಲೆಕ್ಕವೇ.

ಎರಡನೆಯ ಆಕ್ಷೇಪವನ್ನು ಬಡವರು ತರುವರು, ಅದಕ್ಕೆ ಹೆಚ್ಚಿನ ನ್ಯಾಯವಿದೆ. "ನಾನು ಕುಯ್ಲಿನಲ್ಲಿ ಜಾಣೆಯಾದರೆ ಲಾಭವು ತೋಟದ ಒಡೆಯರಿಗೆ. ಲೈನುಮನೆಗೆ ಹೋಗಿ ಒಲೆ ಹಚ್ಚಬೇಕಾದ ನನಗೆ ಅಭ್ಯಾಸಕ್ಕೆ ಹೊತ್ತೆಲ್ಲಿಯದು?" ಈ ಹೆಂಗಸಿಗೆ ಶ್ರದ್ಧೆಯ ಉಪದೇಶವನ್ನು ಮಾತ್ರ ಮಾಡಿ ಕಳುಹಿಸಿದರೆ ನಾವು ಕಪಟಿಗಳಾಗುವೆವು. ತೂಕಕ್ಕೆ ಮಾತ್ರ ಕೂಲಿ ಕೊಟ್ಟು ಹಸುರು ಕಾಯಿ ಬಂತೆಂದು ಗದರಿಸುವ ಒಡೆಯನು ಅವಸರವನ್ನು ತಾನೇ ಕಲಿಸಿದ್ದಾನೆ. ಒಳ್ಳೇ ಕೈಯನ್ನು ಬಯಸುವವನು ಕಲಿಯುವ ಹೊತ್ತನ್ನೂ ಕೆಲಸದ ಹೊತ್ತಿನಲ್ಲಿಯೇ ಕೊಟ್ಟು, ಬಂದ ಗುಣಕ್ಕೆ ತಕ್ಕ ಕೂಲಿಯನ್ನೂ ಕೊಡಲಿ. ಒಡೆಯರಿಗೂ ಪರಲೋಕದಲ್ಲಿ ಒಬ್ಬ ಒಡೆಯನಿದ್ದಾನೆಂಬದನ್ನು ಪೌಲನು ಕೊಲೊಸ್ಸೆಯವರಿಗೆ ಮರೆಯದೆ ಬರೆದನು. ನಮ್ಮ ಸಭೆಗಳಲ್ಲಿಯೂ ಸಣ್ಣ ತೋಟವುಳ್ಳವರು, ಆಳುಗಳನ್ನು ಕರೆಯುವವರು ಇದ್ದಾರೆ. ಈ ಮಾತು ಅವರಿಗೂ ಸೇರಿದ್ದು. ಕೆಲಸದವಳಿಗೆ ಹೇಳತಕ್ಕದ್ದಿಷ್ಟೇ: ಅಮ್ಮಾ, ಪಳಗಿದ ಕೈಯೂ ಕಣ್ಣೂ ನಿನ್ನವೇ. ಒಡೆಯನು ಬದಲಾದರೂ ತೋಟ ಬದಲಾದರೂ ಅವು ನಿನ್ನ ಸಂಗಡ ಬರುವವು. ನಿನ್ನ ಮಗಳಿಗೆ ನೀನು ಕೊಡಬಹುದಾದ ಆಸ್ತಿಯೂ ಅವೇ.

ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವದಿಲ್ಲ, ಅದು ನಾಚಿಕೆ. ತಲೆತಲಾಂತರದಿಂದ ಬೈಗುಳವನ್ನೇ ಕೇಳಿದ ಮನೆತನದವನಿಗೆ ತಿದ್ದುಪಾಟೂ ಬೈಗುಳದಂತೆಯೇ ಕೇಳಿಸುವದು. "ಈ ಸಾಲನ್ನು ತಪ್ಪಾಗಿ ಓದಿದಿ" ಎಂದರೆ "ನೀನು ಕೆಲಸಕ್ಕೆ ಬಾರದವನು" ಎಂದ ಹಾಗೆ ಅವನ ಹೃದಯಕ್ಕೆ ನಾಟುವದು. ಅವನು ಪಾಠ ಓದುವದನ್ನೇ ಬಿಟ್ಟು ಹಿಂದಿನ ಸಾಲಿನಲ್ಲಿ ಕೂತುಕೊಳ್ಳುವನು. ಆದದರಿಂದ ತಿದ್ದುವವರು ಪ್ರಿಸ್ಕಿಲ್ಲಳಿಂದ ಕಲಿಯಲಿ: ಪ್ರತ್ಯೇಕವಾಗಿ, ಒಂದು ಸಾರಿಗೆ ಒಂದೇ ತಪ್ಪನ್ನು, ತಿದ್ದುವ ದಾರಿಯೊಡನೆ ಹೇಳಲಿ. ಹಿರಿಯರು ತಾವೇ ಮೊದಲು ತಿದ್ದಿಸಿಕೊಂಡು ತೋರಿಸಲಿ. ಸಭೆಯ ಹಿರಿಯನು ಕಿರಿಯನಿಂದ ಉಚ್ಚಾರಣೆಯನ್ನು ಕೇಳಿಕೊಂಡ ದಿನ ಇತರರ ನಾಚಿಕೆ ಅರ್ಧ ಹೋಗುವದು. ತಿದ್ದಿಸಿಕೊಳ್ಳುವವರು ಇದನ್ನು ನೆನಸಲಿ: ಕ್ರಿಸ್ತನ ಕೃಪೆಯಿಂದ ನಾವು ಮಕ್ಕಳಾಗಿ ಅಂಗೀಕರಿಸಲ್ಪಟ್ಟಿದ್ದೇವೆ. ನಮ್ಮ ಬೆಲೆಯು ನಮ್ಮ ಕೆಲಸದ ಮೇಲೆ ನಿಂತಿಲ್ಲವಾದ್ದರಿಂದಲೇ ಕೆಲಸದ ತಪ್ಪನ್ನು ಭಯವಿಲ್ಲದೆ ನೋಡಬಹುದು. ಕೃಪೆಯಿದ್ದರೆ ಅಭ್ಯಾಸ ಯಾಕೆ ಎಂದು ಕೇಳುವವರಿಗೆ ಉತ್ತರವೂ ಇದೇ. ಮನೆಯಿಂದ ಹೊರಗೆ ಹಾಕಲ್ಪಡುವೆನೆಂಬ ಹೆದರಿಕೆಯಿಲ್ಲದ ಮಗನೇ ತನ್ನ ತಪ್ಪನ್ನು ತಂದೆಗೆ ತೋರಿಸಿ ಕಲಿಯುವನು.

ಕಡೆಯದಾಗಿ, ಅಭ್ಯಾಸವು ಯಾತಕ್ಕೆಂಬದನ್ನು ಮರೆಯಬಾರದು. ಸ್ಕಾಟ್ಲೆಂಡಿನ ಎರಿಕ್ ಲಿಡ್ಡೆಲನು 1924ರಲ್ಲಿ ಪ್ಯಾರಿಸಿನ ಒಲಿಂಪಿಕ್ ಪಂದ್ಯದಲ್ಲಿ 400 ಮೀಟರ್ ದೂರವನ್ನು 47.6 ಸೆಕೆಂಡುಗಳಲ್ಲಿ ಓಡಿ ಗೆದ್ದನು. ಮರುವರುಷ ಮಿಶನರಿಯಾಗಿ ಚೀನಕ್ಕೆ ಹೋದನು. ಯುದ್ಧಕಾಲದಲ್ಲಿ ಸೆರೆಶಿಬಿರದಲ್ಲಿ ಇಡಲ್ಪಟ್ಟಾಗ ಅಲ್ಲಿಯ ಮಕ್ಕಳಿಗೆ ಪಾಠ ಹೇಳಿ, ಆಟ ಆಡಿಸಿ, 1945ರಲ್ಲಿ ಅಲ್ಲಿಯೇ ತೀರಿಹೋದನು. ಪದಕಕ್ಕಾಗಿ ಪಳಗಿದ ದೇಹವು ಕಡೆಗೆ ಸೆರೆಯ ಮಕ್ಕಳ ಸೇವೆಗೆ ಒದಗಿತು. ನೆರೆಯವನಿಗೆ ಪ್ರಯೋಜನವಾಗದ ಜಾಣತನವು ಹೂಣಿಟ್ಟ ತಲಾಂತಿನ ಹಾಗೆಯೇ. ಇಬ್ರಿಯರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯದ ಕೊನೆಯಲ್ಲಿ ಒಳ್ಳೇದನ್ನೂ ಕೆಟ್ಟದ್ದನ್ನೂ ವಿವೇಚಿಸುವ ಶಕ್ತಿಯು ಸಹ ಸಾಧನೆಯಿಂದ ಪಳಗುವದೆಂದು ಹೇಳಿದೆ. ಕಾಂಡದ ಏಣನ್ನು ಕಾಣಲು ಕಣ್ಣು ಪಳಗುವ ಹಾಗೆ, ಸ್ವಂತ ಹೃದಯದಲ್ಲಿ ಕೊರೆಯುವ ಹುಳುವನ್ನು ಕಾಣಲು ಮನಸ್ಸಾಕ್ಷಿಯೂ ಪಳಗಬೇಕಾಗಿದೆ.

ಆದದರಿಂದ, ಪ್ರಿಯರೇ, ಮುಂದಿನ ತಿಂಗಳೊಳಗೆ ಇದನ್ನು ಮಾಡಿ ನೋಡಿರಿ. ನಿಮ್ಮ ಕೆಲಸದಲ್ಲಿ ಒಂದೇ ಒಂದು ಕೊರತೆಯನ್ನು ಆರಿಸಿಕೊಳ್ಳಿರಿ. ದಿವಸಕ್ಕೆ ಕಾಲು ಗಂಟೆ ಅದಕ್ಕೆ ಮಾತ್ರ ಕೊಡಿರಿ. ನಿಮ್ಮನ್ನು ಪ್ರೀತಿಸುವ, ಆದರೆ ಮುಖಸ್ತುತಿ ಮಾಡದ ಒಬ್ಬರಿಗೆ ಅದನ್ನು ತೋರಿಸಿ ಕೇಳಿರಿ. ಕರ್ತನ ದಿನದಲ್ಲಿ ವಿಶ್ರಮಿಸಿಕೊಳ್ಳಿರಿ. ತಿಂಗಳ ಕೊನೆಯಲ್ಲಿ ಆ ಕೊರತೆ ಕೂದಲೆಳೆಯಷ್ಟು ಕಡಿಮೆಯಾಗಿದ್ದರೂ ದೇವರಿಗೆ ಸ್ತೋತ್ರಮಾಡಿ, ಎರಡನೆಯದನ್ನು ಆರಿಸಿಕೊಳ್ಳಿರಿ.